ಮೆಣಸಿನಕಾಳಿನ ಘಮ ಎಲ್ಲಿ ಹೋಗುತ್ತದೆ? ಕೊಯ್ಲಿನಿಂದ ಡಬ್ಬಿಯವರೆಗೆ

ಹೋದ ವರ್ಷ ಆಗಸ್ಟ್‌ನಲ್ಲಿ ಕಾರವಾರದಿಂದ ಅಕ್ಕನ ಫೋನು. "ತಮ್ಮಾ, ನೀ ಕೊಟ್ಟ ಮೆಣಸು ಸಪ್ಪೆ. ಕಷಾಯಕ್ಕೆ ಎರಡು ಚಮಚ ಹಾಕಿದರೂ ಗಂಟಲಿಗೆ ಗೊತ್ತಾಗುವುದಿಲ್ಲ" ಎಂದಳು. ಅದೇ ಚೀಲದ ಮೆಣಸನ್ನು ಶಿರಸಿಯ ನಮ್ಮ ಮನೆಯಲ್ಲಿ ದಿನಾ ಸಾರಿಗೆ ಹಾಕುತ್ತಿದ್ದೆವು. ಎರಡು ಕಾಳು ಜಜ್ಜಿದರೆ ಜಗುಲಿಯವರೆಗೂ ಸೀನು ಬರುತ್ತಿತ್ತು.

ಮುಂದೆ ಅವಳ ಮನೆಗೆ ಹೋದಾಗ ಕಾರಣ ಕಣ್ಣಿಗೇ ಬಿತ್ತು. ಊರಿಂದ ಬಂದ ದಿನವೇ ಎರಡು ಕೆಜಿಯನ್ನೂ ಮಿಕ್ಸಿಗೆ ಹಾಕಿ ಪುಡಿ ಮಾಡಿದ್ದಳು. ಚಂದ ಕಾಣಲಿ ಅಂತ ಗಾಜಿನ ಬಾಟಲಿಗೆ ತುಂಬಿದ್ದಳು. ಬಾಟಲಿ ಇದ್ದದ್ದು ಪಡುವಣ ಕಿಟಕಿಯ ಕಟ್ಟೆ ಮೇಲೆ, ಒಲೆಯ ಪಕ್ಕ. ಮಧ್ಯಾಹ್ನದ ಬಿಸಿಲು, ಒಲೆಯ ಬಿಸಿ, ಸಮುದ್ರದ ತೇವದ ಗಾಳಿ, ಮೂರೂ ಒಟ್ಟಿಗೆ. ಮೆಣಸು ಕೆಡಿಸಲು ಇದಕ್ಕಿಂತ ಒಳ್ಳೆಯ ಜಾಗ ಹುಡುಕಿದರೂ ಸಿಗದು.

ನಾವು ಬಾಯಿಮಾತಿಗೆ "ಮೆಣಸು ಜೋರಾಗಿದೆ" ಅಂದುಬಿಡುತ್ತೇವೆ. ಆದರೆ ಕಾಳಿನೊಳಗೆ ಎರಡು ಬೇರೆ ಬೇರೆ ಸಂಗತಿ ಇವೆ. ಘಮ ಬರುವುದು ಎಣ್ಣೆಯಿಂದ. ಪೈನೀನ್, ಸಾಬಿನೀನ್, ಲಿಮೋನೀನ್, ಕ್ಯಾರಿಯೋಫಿಲೀನ್ ಮುಂತಾದವು ಸೇರಿದ ಎಣ್ಣೆ ಅದು. ಒಣಗಿದ ಕಾಳಿನಲ್ಲಿ ಸಾಮಾನ್ಯವಾಗಿ ಶೇ. 2ರಿಂದ 4ರಷ್ಟು ಇರುತ್ತದೆ. ಗಾಳಿಗೆ ಹಾರಿಹೋಗುವ ಜಾತಿ. ಖಾರ ಬರುವುದು ಪೈಪರೀನ್‌ನಿಂದ. ಇದು ಹಾರುವುದಿಲ್ಲ, ಕಾಳಿನ ತಿರುಳಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಪಣಿಯೂರು-1 ತಳಿಯಲ್ಲಿ ಪೈಪರೀನ್ ಶೇ. 5.3, ಎಣ್ಣೆ ಶೇ. 3.5 ಎಂದು ಲೆಕ್ಕ. ಎಣ್ಣೆಗೆ ಬಿಸಿ ಮತ್ತು ಗಾಳಿಯ ಭಯ. ಪೈಪರೀನ್‌ಗೆ ಬೆಳಕಿನ ಭಯ. ನೀರಿನ ಭಯ ಇಬ್ಬರಿಗೂ. ಮುಂದೆ ಹೇಳುವ ಕೆಲಸವೆಲ್ಲ ಈ ಭಯಗಳ ಸುತ್ತಲೇ.

1. ಕೊಯ್ಯುವ ಹೊತ್ತು

ನಮ್ಮ ಕಡೆ ಅಡಕೆ ಕೊಯ್ಲಿನ ಗಡಿಬಿಡಿ ಇಳಿಯುತ್ತಿದ್ದಂತೆ ಮೆಣಸಿನ ಕೆಲಸ ಶುರು. ಜನವರಿಯಿಂದ ಮಾರ್ಚ್‌ವರೆಗೆ, ತೋಟ ಮತ್ತು ತಳಿ ನೋಡಿಕೊಂಡು. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪು ತಿರುಗಿದರೆ ಆ ಗೊಂಚಲು ಬಲಿತಿದೆ ಎಂದರ್ಥ. ಎಲ್ಲ ಕಾಳು ಹಣ್ಣಾಗಲಿ ಅಂತ ಕಾದರೆ ಅರ್ಧ ಹಕ್ಕಿಗೆ, ಅರ್ಧ ನೆಲಕ್ಕೆ.

ಇನ್ನೊಂದು ತುದಿಯ ತಪ್ಪೂ ಇದೆ. ಆಳು ಸಿಕ್ಕ ದಿನವೇ ಎಲ್ಲ ಬಳ್ಳಿ ಮುಗಿಸಿಬಿಡುವುದು. ಎಳೆ ಕಾಳಿನಲ್ಲಿ ಎಣ್ಣೆ, ಖಾರದ ಪಾಲು ಬಲಿತ ಕಾಳಿಗಿಂತ ಜಾಸ್ತಿಯೇ ಇರುತ್ತದೆ, ನಂಬುವುದು ಕಷ್ಟ, ಆದರೆ ನಿಜ. ಕಾಳು ಬಲಿತಂತೆ ಒಳಗೆ ಹಿಟ್ಟು ತುಂಬುತ್ತದೆ, ಅದಕ್ಕೆ ತಕ್ಕಂತೆ ಶೇಕಡಾ ಲೆಕ್ಕ ಇಳಿಯುತ್ತದೆ. ಸತ್ವ ತೆಗೆಯುವ ಕಾರ್ಖಾನೆಗಳು ಹಗುರ ಮೆಣಸು ಕೊಳ್ಳುವುದು ಇದಕ್ಕೇ. ಮಂಡಿಯಲ್ಲಿ ಮಾರುವವರಿಗೆ ಮಾತ್ರ ಎಳೆ ಕಾಳು ಲುಕ್ಸಾನು. ಒಣಗಿದ ಮೇಲೆ ಜೊಳ್ಳಾಗಿ ಮೊರದಿಂದ ಹಾರಿಹೋಗುತ್ತದೆ.

ಒಂದೇ ತೋಟದಲ್ಲಿ ಮಲ್ಲಿಗೆಸರ, ಕರಿಮಲ್ಲಿಗೆಸರ, ಉದ್ದಗರೆ, ಪಣಿಯೂರು ಎಲ್ಲ ಅಡಕೆ ಮರಕ್ಕೆ ಹಬ್ಬಿರುತ್ತವೆ. ಎಲ್ಲವೂ ಒಂದೇ ದಿನ ಬಲಿಯುವುದಿಲ್ಲ. ಏಣಿ ಹೊತ್ತು ಎರಡು ಮೂರು ಸಲ ಹೋಗಬೇಕು. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ಇಲ್ಲ.

2. ಕಾಳು ಬಿಡಿಸುವುದು

ಕೊಯ್ದ ಗೊಂಚಲನ್ನು ಒಂದು ರಾತ್ರಿ ರಾಶಿ ಮಾಡಿ ಗೋಣಿ ಮುಚ್ಚಿಟ್ಟರೆ ಮರುದಿನ ಕಾಳು ಸುಲಭವಾಗಿ ಉದುರುತ್ತದೆ. ಒಂದೇ ರಾತ್ರಿ ಸಾಕು. ಎರಡನೇ ದಿನಕ್ಕೆ ರಾಶಿಯೊಳಗೆ ಕೈ ಹಾಕಿ ನೋಡಿ, ಬೆಚ್ಚಗಾಗಿರುತ್ತದೆ. ಆ ಬಿಸಿಗೆ ಬೂಸು ಬರುತ್ತದೆ. ಕಾಲಲ್ಲಿ ತುಳಿಯಬಹುದು, ಮಷೀನಿಗೂ ಕೊಡಬಹುದು. ತುಳಿಯುವುದಾದರೆ ಕಾಲು ತೊಳೆದುಕೊಳ್ಳಿ, ಚೊಕ್ಕ ತಾಡಪತ್ರಿಯ ಮೇಲೆ ತುಳಿಯಿರಿ.

3. ಬಿಸಿನೀರಿನ ಸ್ನಾನ: ಒಂದೇ ನಿಮಿಷ

ಇದನ್ನು ಮಾಡದೆಯೂ ಮೆಣಸು ಒಣಗುತ್ತದೆ. ನಮ್ಮ ಅಜ್ಜನ ಕಾಲದಲ್ಲಿ ಯಾರೂ ಮಾಡುತ್ತಿರಲಿಲ್ಲ. ಆದರೆ ಮಾಡಿದರೆ ಲಾಭ ಇದೆ. ಐದಾರು ದಿನ ಹಿಡಿಯುವ ಒಣಗಿಸುವ ಕೆಲಸ ಮೂರು ನಾಲ್ಕು ದಿನಕ್ಕೆ ಮುಗಿಯುತ್ತದೆ. ಧೂಳು, ಬೂಸಿನ ಬೀಜ ತೊಳೆದು ಹೋಗುತ್ತವೆ. ಮುಖ್ಯವಾಗಿ ಬಣ್ಣ ಒಂದೇ ಸಮ ಕಪ್ಪಾಗುತ್ತದೆ.

ಹಂಡೆಯಲ್ಲಿ ನೀರು ಕುದಿಯುತ್ತಿರಲಿ. ಕಾಳನ್ನು ಬಿದಿರಿನ ಬುಟ್ಟಿಗೋ ತೂತಿನ ಪಾತ್ರೆಗೋ ಹಾಕಿ. ಒಂದು ಸಲಕ್ಕೆ ನೀರಿನ ಕುದಿ ನಿಲ್ಲದಷ್ಟು ಮಾತ್ರ. ಅದ್ದಿ, ಒಂದು ನಿಮಿಷ ಎಣಿಸಿ, ಎತ್ತಿ. ನೀರು ಸೋರಿದ ಕೂಡಲೇ ಬಿಸಿಲಿಗೆ. ಅಡಕೆ ಬೇಯಿಸಿದ ಹಂಡೆಯನ್ನೇ ಬಳಸುವುದಾದರೆ ಚೊಗರು ಪೂರ್ತಿ ಹೋಗುವಂತೆ ಉಜ್ಜಿಕೊಳ್ಳಿ. ನೀರು ಕಂದು ತಿರುಗಿದರೆ ಚೆಲ್ಲಿ, ಬೇರೆ ಇಡಿ.

ಎಣಿಸಿ ಅಂದದ್ದು ಸುಮ್ನೆ ಅಲ್ಲ. ಮೂರು ವರ್ಷದ ಹಿಂದೆ ಬುಟ್ಟಿ ಹಂಡೆಯೊಳಗೆ ಇರುವಾಗಲೇ ನನಗೊಂದು ಫೋನು ಬಂತು. ತಿರುಗಿ ನೋಡುವಷ್ಟರಲ್ಲಿ ಐದಾರು ನಿಮಿಷ ಆಗಿತ್ತು. ಬೆಂದರೇನು, ಒಣಗುತ್ತದಲ್ಲ ಅಂದುಕೊಂಡೆ. ನಾಲ್ಕು ದಿನ ಬಿಸಿಲು ಕಂಡರೂ ಆ ಬುಟ್ಟಿಯ ಕಾಳು ಕಪ್ಪಾಗಲೇ ಇಲ್ಲ. ಹಳೆ ಗೋಣಿಯ ಬಣ್ಣಕ್ಕೆ ನಿಂತಿತು. ಮಿಕ್ಕಿದ್ದರ ಜತೆ ಬೆರೆಸಿದೆ, ಇಡೀ ಚೀಲ ಚುಕ್ಕೆ ಚುಕ್ಕೆ ಕಂಡಿತು. ಮಂಡಿಯಲ್ಲಿ ಒಂದು ಹಿಡಿ ಅಂಗೈಗೆ ಸುರಿದುಕೊಂಡವರು ಬಾಯಿಬಿಟ್ಟು ಏನೂ ಹೇಳಲಿಲ್ಲ, ದರ ಮಾತ್ರ ಕಡಿಮೆ ಬರೆದರು.

ಮೆಣಸು ಬಿಸಿಲಿಗೆ ಸುಟ್ಟು ಕಪ್ಪಾಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ನಿಜವಾದ ಕತೆ ಬೇರೆ. ಹಸಿರು ಸಿಪ್ಪೆಯಲ್ಲಿ ಫೀನಾಲ್ ಜಾತಿಯ ವಸ್ತುಗಳಿವೆ, ಅವುಗಳ ಪಕ್ಕದ ಕೋಣೆಯಲ್ಲಿ ಒಂದು ಕಿಣ್ವ ಇದೆ. ಬಿಸಿನೀರು ತಾಗಿದಾಗ ನಡುವಿನ ಗೋಡೆ ಒಡೆದು ಎರಡೂ ಸೇರುತ್ತವೆ, ಗಾಳಿ ಸಿಕ್ಕ ಕೂಡಲೇ ಕಪ್ಪು ಬಣ್ಣ ಹುಟ್ಟುತ್ತದೆ. ಕತ್ತರಿಸಿಟ್ಟ ಬಾಳೆಕಾಯಿ ಕಪ್ಪಾಗುವುದೂ ಇದೇ ರೀತಿ. ಒಂದು ನಿಮಿಷ ಗೋಡೆ ಒಡೆಯಲು ಸಾಕು. ಐದು ನಿಮಿಷ ಕುದಿಸಿದರೆ ಕಿಣ್ವವೇ ಸಾಯುತ್ತದೆ. ಒಣಗಿಸಿದ ಹಸಿರು ಮೆಣಸು ಅಂತ ಪೇಟೆಯಲ್ಲಿ ಸಿಗುತ್ತದಲ್ಲ, ಅದನ್ನು ಮಾಡುವವರು ಬೇಕೆಂದೇ ಕಿಣ್ವವನ್ನು ಕೊಂದು ಹಸಿರು ಉಳಿಸಿಕೊಳ್ಳುತ್ತಾರೆ. ನನ್ನ ತಪ್ಪು ಅವರ ಕಸುಬು.

4. ಒಣಗಿಸುವುದು

ಮೆಣಸು ನೆಲಕ್ಕೆ ನೇರ ತಾಗಬಾರದು. ಸೆಗಣಿ ಸಾರಿಸಿದ ಅಂಗಳ ಅಡಕೆಗೆ ಸರಿ, ಮೆಣಸಿಗೆ ಬೇಡ. ಸಿಮೆಂಟಿನ ಅಂಗಳದ ಮೇಲೆ ಚೊಕ್ಕ ತಾಡಪತ್ರಿ ಅಥವಾ ಬಿದಿರಿನ ತಟ್ಟಿ ಹಾಸಿ. ತೆಳ್ಳಗೆ ಹರವಿ, ಒಂದು ಬೆರಳಿನ ದಪ್ಪ ಮೀರದಂತೆ. ದಿನಕ್ಕೆ ನಾಲ್ಕೈದು ಸಲ ಕೈಯಾಡಿಸಿ. ನಾಯಿ, ಕೋಳಿ ಕಾಯುವ ಕೆಲಸ ಮಕ್ಕಳಿಗೆ.

ಶಿರಸಿ, ಸಿದ್ದಾಪುರ ಕಡೆ ಜನವರಿಯಲ್ಲಿ ಇಬ್ಬನಿ ಜೋರು. ಹಗಲಿಡೀ ಒಣಗಿದ್ದು ರಾತ್ರಿ ಅಂಗಳದಲ್ಲೇ ಉಳಿದರೆ ಬೆಳಿಗ್ಗೆ ಕೈಗೆ ತಣ್ಣಗೆ ಹತ್ತುತ್ತದೆ. ಹಾಗಾಗಿ ಹೊತ್ತು ಇಳಿಯುವ ಮೊದಲೇ ಬಾಚಿ ಒಳಗೆ ತನ್ನಿ. ಮೊದಲ ಎರಡು ರಾತ್ರಿ ಕಾಳು ಇನ್ನೂ ಹಸಿ ಇರುತ್ತದೆ. ಆಗ ಚೀಲಕ್ಕೆ ತುಂಬಬೇಡಿ, ಜಗುಲಿಯಲ್ಲೇ ತೆಳ್ಳಗೆ ಹರಡಿಡಿ. ಕಾರವಾರ, ಅಂಕೋಲಾ, ಕುಮಟಾ ಕಡೆ ತೊಂದರೆ ಬೇರೆ. ಮಧ್ಯಾಹ್ನದ ಮೇಲೆ ಕಡಲ ಗಾಳಿ ತೇವ ಹೊತ್ತು ಬರುತ್ತದೆ. ಬಿಸಿಲು ಕಣ್ಣು ಕುಕ್ಕುತ್ತಿದ್ದರೂ ಒಣಗುವುದು ನಿಧಾನ. ಅಲ್ಲಿಯವರು ಬೆಳಿಗ್ಗೆ ಬೇಗ ಹರವಬೇಕು, ಸಂಜೆ ಬೇಗ ಬಾಚಬೇಕು. ಒಂದೆರಡು ದಿನ ಜಾಸ್ತಿ ಹಿಡಿಯುತ್ತದೆ ಅಂತ ಮೊದಲೇ ಲೆಕ್ಕ ಇಟ್ಟುಕೊಳ್ಳಬೇಕು.

ಈಗ ಅಡಕೆಗೆ ಅಂತ ಪಾಲಿಹೌಸ್ ಕಟ್ಟಿಸಿಕೊಂಡವರು ಬಹಳ. ಮೆಣಸಿಗೂ ಒಳ್ಳೆಯದೇ, ಮೋಡ ಮುಚ್ಚಿದ ದಿನ ಜೀವ ಉಳಿಸುತ್ತದೆ. ಆದರೆ ಒಳಗೊಂದು ಥರ್ಮಾಮೀಟರ್ ನೇತು ಹಾಕಿ. 55 ಡಿಗ್ರಿ ಹತ್ತಿರ ಬಂದರೆ ಎರಡೂ ಕಡೆ ಬಾಗಿಲು ತೆಗೆಯಿರಿ. ಸೌದೆಯ ಡ್ರೈಯರ್, ಕರೆಂಟಿನ ಡ್ರೈಯರ್ ಯಾವುದಾದರೂ ಇದೇ ಮಾತು. ಒಳಗೆ ಕಾಲಿಟ್ಟಾಗ ಮೆಣಸಿನ ಘಮ ಗಮ್ಮೆಂದು ಮೂಗಿಗೆ ಬಡಿದರೆ ಖುಷಿ ಪಡಬೇಡಿ. ಆ ಘಮ ಕಾಳಿನೊಳಗೆ ಇರಬೇಕಾಗಿತ್ತು. ಪೈನೀನ್, ಸಾಬಿನೀನ್‌ನಂಥ ಹಗುರ ಎಣ್ಣೆಗಳು ಮೊದಲು ಹೊರಡುತ್ತವೆ, ಭಾರದ ಕ್ಯಾರಿಯೋಫಿಲೀನ್ ಹಿಂದೆ ಉಳಿಯುತ್ತದೆ. ಬಿಸಿ ಜಾಸ್ತಿ ಕಂಡ ಮೆಣಸು ನಾಲಿಗೆಗೆ ಖಾರವಾಗಿದ್ದರೂ ಮೂಗಿಗೆ ಮಂಕಾಗಿರುವುದು ಇದರಿಂದಲೇ.

5. ಒಣಗಿತೋ ಇಲ್ಲವೋ

ಹಲ್ಲಿಗಿಟ್ಟು ಕಚ್ಚಿ ನೋಡುವುದು ಹಳೆಯ ಕ್ರಮ. ಟಕ್ ಅಂತ ಒಡೆದರೆ ಆಯಿತು, ಮೆತ್ತಗೆ ಅಪ್ಪಚ್ಚಿಯಾದರೆ ಇನ್ನೊಂದು ದಿನ. ನನ್ನ ಆಯಿಗೆ ಕಚ್ಚುವುದೂ ಬೇಡ. ಒಂದು ಹಿಡಿ ಎತ್ತಿ ಸ್ಟೀಲ್ ತಟ್ಟೆಗೆ ಬಿಟ್ಟು ಸದ್ದು ಕೇಳುತ್ತಾಳೆ. ಹಸಿ ಇದ್ದರೆ ಬೊದಬೊದ, ಒಣಗಿದರೆ ಚಣಚಣ. ನನಗೆ ಆ ಕಿವಿ ಬಂದಿಲ್ಲ, ಹಾಗಾಗಿ ತಕ್ಕಡಿ ನಂಬುತ್ತೇನೆ.

ತಕ್ಕಡಿಯ ಲೆಕ್ಕ ಇಷ್ಟು. ಹಸಿ ಕಾಳಿನಲ್ಲಿ ಸುಮಾರು ಶೇ. 70 ನೀರು. 100 ಕೆಜಿ ಹಸಿ ಮೆಣಸಿನಲ್ಲಿ ಗಟ್ಟಿ ಪದಾರ್ಥ 30 ಕೆಜಿ. ಇಟ್ಟುಕೊಳ್ಳಲು ನೀರು ಶೇ. 10ಕ್ಕೆ ಇಳಿಯಬೇಕು. ಅಂದರೆ 33 ಕೆಜಿ ಚಿಲ್ಲರೆ ಉಳಿಯಬೇಕು. ಮೂರಕ್ಕೆ ಒಂದು. ಒಂದು ತಟ್ಟೆಯಲ್ಲಿ ಸರಿಯಾಗಿ 3 ಕೆಜಿ ಹಸಿ ಕಾಳು ತೂಗಿ, ರಾಶಿಯ ಪಕ್ಕದಲ್ಲೇ ಅಷ್ಟೇ ತೆಳ್ಳಗೆ ಒಣಗಿಸಿ. ದಿನಾ ಸಂಜೆ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಒಂದು ಕೆಜಿ ಆಸುಪಾಸಿಗೆ ಬಂದು, ಇಡೀ ದಿನದ ಬಿಸಿಲಿಗೂ ತೂಕ ಅಲ್ಲಾಡದೆ ನಿಂತರೆ ಮುಗಿಯಿತು. ತಳಿ ನೋಡಿ ಸ್ವಲ್ಪ ಆಚೀಚೆ ಆಗುತ್ತದೆ. ಅದಕ್ಕೇ ಅಂಕಿಗಿಂತ ತೂಕ ನಿಂತಿತೋ ಇಲ್ಲವೋ ಎಂಬುದನ್ನು ನೋಡಿ.

ಶೇ. 15ಕ್ಕೆ ನಿಲ್ಲಿಸಿದರೆ ಅದೇ 100 ಕೆಜಿಗೆ 35 ಕೆಜಿ ಸಿಗುತ್ತದೆ. ಎರಡು ಕೆಜಿ ಜಾಸ್ತಿ! ಆಸೆ ಆಗುವುದು ಸಹಜ. ಆದರೆ ಆ ಎರಡು ಕೆಜಿ ಬರೀ ನೀರು. ಜೂನ್ ಬಂದಾಗ ಚೀಲದ ನಡುವೆ ಬೂದುಬಣ್ಣದ ಬೂಸು ಹಿಡಿಯುತ್ತದೆ. ಬೂಸು ಬರೀ ನೋಟಕ್ಕೆ ಕೆಟ್ಟದ್ದಲ್ಲ, ಕೆಲವು ಜಾತಿಯ ಬೂಸು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ತೊಳೆದರೂ ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಅಂಥ ಮೆಣಸನ್ನು ಮನೆಗೂ ಬಳಸಬೇಡಿ, ದನದ ಔಷಧಕ್ಕೂ ಬೇಡ.

ಒಣಗಿದ ಮೇಲೆ ಮೊರದಲ್ಲಿ ಕೇರಿ ಜೊಳ್ಳು, ಕಡ್ಡಿ ತೆಗೆಯಿರಿ. ಒಂದು ಲೀಟರ್ ಅಳತೆಯ ಪಾತ್ರೆಗೆ ಅಲ್ಲಾಡಿಸದೆ ತುಂಬಿ ತೂಗಿ ನೋಡಿ. 550 ಗ್ರಾಂ ಬಂದರೆ ಒಳ್ಳೆಯ ಮಾಲು. ಹೊರದೇಶದ ವ್ಯಾಪಾರದಲ್ಲೂ ಈ ಲೀಟರ್ ತೂಕದ ಮೇಲೇ 500, 550 ಅಂತ ದರ್ಜೆ ಹೇಳುತ್ತಾರೆ. ಮಾರುವ ಮೊದಲು ನಮ್ಮ ಮಾಲಿನ ಅಂಕಿ ನಮಗೇ ಗೊತ್ತಿದ್ದರೆ ಮಾತಾಡಲು ಬಾಯಿ ಬರುತ್ತದೆ, ಅಲ್ವಾ?

6. ಮಳೆಗಾಲಕ್ಕೆ ಮೊದಲು ಮುಚ್ಚುವುದು

ಮೆಣಸು ಸುತ್ತಲಿನ ಗಾಳಿಯ ತೇವ ಹೀರುತ್ತದೆ. ಮಾರ್ಚ್‌ನಲ್ಲಿ ಚಣಚಣ ಅಂದದ್ದು ಬರೀ ಗೋಣಿಯಲ್ಲಿದ್ದರೆ ಜುಲೈ ಹೊತ್ತಿಗೆ ಬೊದಬೊದ ಆಗುತ್ತದೆ. ನಮ್ಮ ಜಿಲ್ಲೆಯ ಮಳೆಗೆ ಹಪ್ಪಳವೇ ಡಬ್ಬಿಯೊಳಗೆ ಮೆತ್ತಗಾಗುತ್ತದೆ, ಮೆಣಸು ಯಾವ ಲೆಕ್ಕ!

ಹಾಗಾಗಿ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ, ಹೊರಗೆ ಗೋಣಿ. ಮೇ ಮೊದಲ ವಾರದಲ್ಲಿ ಒಂದು ದಿನ ಮತ್ತೆ ಬಿಸಿಲು ತೋರಿಸಿ. ಬಿಸಿಲಿಂದ ತೆಗೆದ ಕೂಡಲೇ ತುಂಬಬೇಡಿ. ಬಿಸಿ ಕಾಳು ಚೀಲದೊಳಗೆ ಬೆವರುತ್ತದೆ. ನೆರಳಿನಲ್ಲಿ ಪೂರ್ತಿ ಆರಲಿ, ಆಮೇಲೆ ತುಂಬಿ, ಚೀಲದ ಗಾಳಿ ಒತ್ತಿ ತೆಗೆದು ಬಾಯಿ ಬಿಗಿಯಿರಿ. ನೆಲದಿಂದ ಎತ್ತರದಲ್ಲಿ ಹಲಗೆ ಮೇಲಿಡಿ, ಗೋಡೆಯಿಂದ ಒಂದು ಗೇಣು ದೂರ. ಗೊಬ್ಬರ, ಬೋರ್ಡೋದ ಮೈಲುತುತ್ತ, ಸೀಮೆಎಣ್ಣೆ ಇರುವ ಕೋಣೆ ಬೇಡವೇ ಬೇಡ. ಒಲೆಯ ಮೇಲಿನ ಅಟ್ಟವೂ ಬೇಡ. ಬೆಚ್ಚಗೆ ಇರುತ್ತದೆ ನಿಜ, ಆದರೆ ಆ ಬೆಚ್ಚಗೆಯೇ ಎಣ್ಣೆಯನ್ನು ದಿನಾ ಸ್ವಲ್ಪ ಸ್ವಲ್ಪ ಓಡಿಸುತ್ತದೆ, ಮೇಲಿಂದ ಹೊಗೆವಾಸನೆ ಬೇರೆ.

ಸರಿಯಾಗಿ ಒಣಗಿದ ಇಡೀ ಕಾಳು ಹೀಗೆ ಇಟ್ಟರೆ ವರ್ಷಗಟ್ಟಲೆ ಜಗ್ಗುವುದಿಲ್ಲ. 16ನೇ ಶತಮಾನದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದರು. ಆ ಕಾಲದಲ್ಲಿ ನಮ್ಮ ಕರಾವಳಿಯ ಮೆಣಸು ಆರು ತಿಂಗಳ ಹಡಗಿನ ದಾರಿ ಸವೆಸಿ ಲಿಸ್ಬನ್ ಮುಟ್ಟಿ, ಅಲ್ಲೂ ಘಮ ಬೀರುತ್ತಿತ್ತು. ಪ್ಲಾಸ್ಟಿಕ್ ಇರಲಿಲ್ಲ, ಏರ್‌ಟೈಟ್ ಡಬ್ಬಿ ಇರಲಿಲ್ಲ. ಕಾಳಿನ ಕಪ್ಪು ಸಿಪ್ಪೆಯೇ ಡಬ್ಬಿ. ಬೆಳಕನ್ನೂ ತಡೆಯುತ್ತದೆ, ಎಣ್ಣೆಯನ್ನೂ ಹಿಡಿದಿಡುತ್ತದೆ. ಅಕ್ಕ ಮಿಕ್ಸಿಯಲ್ಲಿ ಒಡೆದದ್ದು ಆ ಡಬ್ಬಿಯನ್ನು.

7. ಬೆಳಕು, ಮತ್ತು ಸ್ವಲ್ಪ ಬೇರೆ ಗಿಡದ ಮಾತು

ಪೈಪರೀನ್ ಅನ್ನು ಮೆಣಸಿನಿಂದ ಮೊದಲು ಬೇರೆ ಮಾಡಿದವರು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್, 1819ರಲ್ಲಿ. ಮರುವರ್ಷ ಇದೇ ಅರ್ಸ್ಟೆಡ್ ತಂತಿಯಲ್ಲಿ ಕರೆಂಟು ಹರಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ತಿರುಗುತ್ತದೆ ಎಂದು ತೋರಿಸಿ ಹೆಸರಾದರು. ಮೆಣಸಿನ ಕೆಲಸ ಯಾರಿಗೂ ನೆನಪಿಲ್ಲ.

ಪೈಪರೀನ್‌ಗೆ ಬೆಳಕು ಬಿದ್ದರೆ ಅದು ಎಲ್ಲಿಗೂ ಹೋಗುವುದಿಲ್ಲ, ಅಲ್ಲೇ ಇದ್ದು ಆಕಾರ ಬದಲಿಸುತ್ತದೆ. ಅದೇ ಪರಮಾಣುಗಳು, ಅದೇ ತೂಕ, ಸರಪಳಿಯ ತಿರುವು ಮಾತ್ರ ಬೇರೆ. ಹಾಗೆ ತಿರುಗಿದ ರೂಪಗಳಿಗೆ ಖಾರ ಬಹಳ ಕಡಿಮೆ. ಪುಡಿಯ ಬಾಟಲಿ ತುಂಬಿಯೇ ಇರುತ್ತದೆ, ಖಾರ ಮಾತ್ರ ಇಲ್ಲ. ಅಕ್ಕನ ಕಿಟಕಿಯಲ್ಲಿ ಆದದ್ದು ಇದು.

ಹೀಗೆ ಒಣಗಿಸಿ ಇಡುವಾಗ ಸತ್ವ ಬದಲಾಗುವುದು ಮೆಣಸಿಗೆ ಮಾತ್ರ ಅಲ್ಲ. ಗಾಂಜಾ ಗಿಡದ ಮೇಲೆ ವಿಜ್ಞಾನಿಗಳು ಇದನ್ನು ಬಹಳ ವಿವರವಾಗಿ ನೋಡಿದ್ದಾರೆ. ಹಸಿ ಗಿಡದಲ್ಲಿ ಇರುವುದು ಟಿಎಚ್‌ಸಿಎ ಎಂಬ ಆಮ್ಲ, ಅದಕ್ಕೆ ಅಮಲಿಲ್ಲ. ಬಿಸಿ ತಾಗಿದರೆ ಅದರಿಂದ ಇಂಗಾಲದ ಡೈಆಕ್ಸೈಡ್ ಕಳಚಿ ಅಮಲಿನ ಟಿಎಚ್‌ಸಿ ಆಗುತ್ತದೆ. ವರ್ಷಗಟ್ಟಲೆ ಗಾಳಿ, ಬೆಳಕಿಗೆ ಬಿದ್ದಿದ್ದರೆ ಅದೇ ಟಿಎಚ್‌ಸಿ ಸಿಬಿಎನ್ ಎಂಬ ಬೇರೆ ವಸ್ತುವಾಗಿ ಅಮಲು ಇಳಿಯುತ್ತದೆ. ನಮ್ಮ ಮೆಣಸಿನ ಕ್ಯಾರಿಯೋಫಿಲೀನ್ ಆ ಗಿಡದಲ್ಲೂ ಇದೆ. ಎರಡರಲ್ಲೂ ಹಳತಾದಂತೆ ಅದು ಗಾಳಿಯ ಜತೆ ಸೇರಿ ಕ್ಯಾರಿಯೋಫಿಲೀನ್ ಆಕ್ಸೈಡ್ ಆಗುತ್ತದೆ. ಪೊಲೀಸ್ ನಾಯಿಗಳು ಗಾಂಜಾ ಹಿಡಿಯುವುದು ಈ ವಾಸನೆಯಿಂದಲೇ ಎನ್ನುತ್ತಾರೆ. ಗಾಂಜಾ ಬೆಳೆಯುವುದು, ಇಟ್ಟುಕೊಳ್ಳುವುದು 1985ರ ಕಾನೂನಿನ ಪ್ರಕಾರ ಅಪರಾಧ. ಹಾಗಾಗಿ ಆ ಗಿಡದ ಮಾತು ಇಷ್ಟಕ್ಕೇ ಸಾಕು. ನಮಗೆ ಬೇಕಾದ ಸುಳಿವು ಸಿಕ್ಕಿತು: ಬಿಸಿ, ಬೆಳಕು, ಗಾಳಿ ಯಾವ ಗಿಡವನ್ನೂ ಬಿಡುವುದಿಲ್ಲ.

8. ಅಡುಗೆಮನೆಯಲ್ಲಿ

ವರ್ಷದ ಮೆಣಸನ್ನು ಒಂದೇ ಡಬ್ಬಿಯಲ್ಲಿ ಇಡಬೇಡಿ. ದೊಡ್ಡದನ್ನು ದಿನಾ ತೆರೆದರೆ ದಿನಾ ತೇವ ಒಳಗೆ, ದಿನಾ ಘಮ ಹೊರಗೆ. ತಿಂಗಳಿಗೆ ಬೇಕಾದಷ್ಟು ಕಾಳು ಸಣ್ಣ ಸ್ಟೀಲ್ ಡಬ್ಬಿಗೆ ತೆಗೆದುಕೊಂಡು ದೊಡ್ಡದನ್ನು ಮತ್ತೆ ಬಿಗಿದಿಡಿ. ಗಾಜಿನದೇ ಬೇಕು ಅಂದರೆ ಕಪಾಟಿನ ಒಳಗಿಡಿ.

ಪುಡಿ ಬೇಕೇ ಬೇಕು ಅನ್ನುವವರು ಹದಿನೈದು ದಿನಕ್ಕೆ ಸಾಕಾಗುವಷ್ಟು ಮಾತ್ರ ಮಾಡಿಕೊಳ್ಳಿ. ಮಿಕ್ಸಿಯನ್ನು ಒಂದೇ ಸಮ ಓಡಿಸಿದರೆ ಜಾರು ಬಿಸಿಯಾಗುತ್ತದೆ. ಮುಚ್ಚಳ ತೆಗೆದಾಗ ಘಮ ಮೂಗಿಗೆ ಬಡಿಯುವುದು ಆ ಬಿಸಿಗೆ ಎಣ್ಣೆ ಹಾರಿದ್ದರಿಂದ. ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಸಾರಿಗೆ, ತಂಬುಳಿಗೆ, ಕಷಾಯಕ್ಕೆ ಕುಟ್ಟಾಣಿಯಲ್ಲಿ ಆಗಿಂದಾಗ ಜಜ್ಜಿದ್ದೇ ಮೇಲು. ಕುದಿಯುವ ಸಾರಿಗೆ ಅರ್ಧ ಮೊದಲು ಹಾಕಿ, ಅರ್ಧ ಇಳಿಸುವಾಗ ಹಾಕಿ. ಮೊದಲಿನದು ಖಾರಕ್ಕೆ, ಕೊನೆಯದು ಘಮಕ್ಕೆ.

ಈ ಸಲ ಅಕ್ಕನಿಗೆ ಎರಡು ಕೆಜಿಯನ್ನು ಕಾಲು ಕೆಜಿಯ ಎಂಟು ಪೊಟ್ಟಣ ಮಾಡಿ, ಬಾಯಿ ಬಿಗಿದು ಕಳಿಸಿದ್ದೇನೆ. ಜತೆಗೆ ಶಿರಸಿ ಪೇಟೆಯಿಂದ ಒಂದು ಕಲ್ಲಿನ ಕುಟ್ಟಾಣಿಯನ್ನೂ. "ಇದನ್ನು ಕುಟ್ಟಲು ನೀನೇ ಬರುತ್ತೀಯೋ?" ಅಂತ ಕೇಳಿದ್ದಾಳೆ.